ತ್ರಿಯೇಕ / ತ್ರಯೇಕ / ತ್ರಿತ್ವ: ಯಾವುದು ಸರಿ? (ತುರ್ತು)

ಗೆಳೆಯರೇ, ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಪೆಂತೆಕೊಸ್ತ ಹಬ್ಬದ ಮುಂದಿನ ಭಾನುವಾರಕ್ಕೆ ಒಂದು ಬ್ಯಾನರು, ಜತೆಗೆ ನಾಲ್ಕು ಪುಟದ ಕರಪತ್ರ. ಟ್ರಿನಿಟಿಗೆ, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂದು ಮೂವರು ಎಂಬ ನಂಬಿಕೆಗೆ, ಬೈಬಲಿನಲ್ಲಿ ಏನು ಆಧಾರ ಎಂಬುದೇ ಕರಪತ್ರದ ವಿಷಯ. ಹಳೇ ಬ್ಯಾನರಿನಲ್ಲಿ ‘ತ್ರಿಯೇಕ ದೇವರು’ ಎಂದಿದೆ. ಸಭೆಯ ನಿವೃತ್ತ ಕನ್ನಡ ಮೇಷ್ಟ್ರು ಅದು ತಪ್ಪು ಎನ್ನುತ್ತಾರೆ, ಆದರೆ ಸರಿ ಯಾವುದೆಂದು ಹೇಳುತ್ತಿಲ್ಲ. ಕ್ಯಾಥೊಲಿಕ್ ನೆಂಟರು ‘ತ್ರಿತ್ವ’ ಎನ್ನುತ್ತಾರೆ. ಇನ್ನೊಂದು: ‘ತ್ರೀ ಪರ್ಸನ್ಸ್’ ಎಂಬಲ್ಲಿ ‘ವ್ಯಕ್ತಿ’ ಹಾಕಿದರೆ ಪಡಿತರ ಚೀಟಿಯ ಹಾಗೆ ಕಾಣುತ್ತದೆ. ಬೇರೆ ಪದ ಇದೆಯೇ?
— ರೂ.

ತ್ರಿ + ಏಕ = ತ್ರ್ಯೇಕ. ಯಣ್ ಸಂಧಿ. ಪ್ರತಿ + ಏಕ ಪ್ರತ್ಯೇಕವಾದಂತೆ. ‘ಪ್ರತಿಯೇಕ’ ಎಂದು ಯಾರಾದರೂ ಬರೆಯುತ್ತಾರೆಯೇ? ‘ತ್ರಯ’ ಎಂದು ಹಿಡಿದರೆ ವೃದ್ಧಿಯಾಗಿ ತ್ರಯೈಕ. ‘ತ್ರಯೇಕ’ ಎರಡು ದಾರಿಯಲ್ಲೂ ಸಲ್ಲದು. ಮೇಷ್ಟ್ರು ಹೇಳಿದ್ದು ಸರಿ.
— ಗು. ಮ.

ತ್ರ್ಯೇಕ ಎಂದೇ ಬರೆಸಿ, ಭಾನುವಾರ ಶಾಲೆಯ ಮಕ್ಕಳ ಹಾಲುಹಲ್ಲು ಪುಕ್ಕಟೆ ಉದುರಲಿ. ತ್ರ್ಯಂಬಕ ಕನ್ನಡದ ಬಾಯಲ್ಲಿ ತ್ರಿಯಂಬಕ ಆಗಿಲ್ಲವೇ? ಯಕಾರಾಗಮ ನಮ್ಮದೇ ಸಂಧಿ, ತ್ರಿಯೇಕ ಅದರಿಂದಾದ ಪದ.
— ಎಲ್.

ಪದದ ಹುಟ್ಟು ನೋಡದೆ ಸಂಧಿ ಬಿಡಿಸುತ್ತಿದ್ದೀರಿ. ಟ್ರಿನಿಟಿ ಎಂಬ ಪದ ಬೈಬಲಿನಲ್ಲೇ ಇಲ್ಲ. ಎರಡನೇ ಶತಮಾನದಲ್ಲಿ ಅಂತಿಯೋಕ್ಯದ ಥಿಯೋಫಿಲಸ್ ಗ್ರೀಕಿನಲ್ಲಿ ‘ತ್ರಿಯಾಸ್’ ಎಂದ. ಮೂರನೆಯದರ ಆರಂಭದಲ್ಲಿ ತೆರ್ತುಲಿಯನ್ ಲ್ಯಾಟಿನ್ನಿನಲ್ಲಿ ‘ತ್ರಿನಿತಾಸ್’ ಎಂದ. ಎರಡರಲ್ಲೂ ‘ಏಕ’ ಇಲ್ಲ, ಬರೀ ಮೂರುತನ. ಹಾಗಾಗಿ ತ್ರಿತ್ವ. ಏಕತ್ವವನ್ನು ಪದದೊಳಗೆ ತುರುಕಬೇಕಾಗಿಲ್ಲ, ವಾಕ್ಯ ಹೇಳುತ್ತದೆ: ಮತ್ತಾಯ 28:19ರಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರಿಗೂ ಸೇರಿ ‘ಹೆಸರಿನಲ್ಲಿ’ ಎಂದಿದೆ, ‘ಹೆಸರುಗಳಲ್ಲಿ’ ಎಂದಲ್ಲ. ಗ್ರೀಕಿನಲ್ಲೂ ಏಕವಚನವೇ.
— ವಿ.

ತ್ರಿಮೂರ್ತಿ ಎಂದರೆ ಎಲ್ಲರಿಗೂ ತಿಳಿಯುತ್ತದಲ್ಲ?
— ಸೋ.

ತಿಳಿಯುತ್ತದೆ, ತಪ್ಪಾಗಿ. ಒಬ್ಬನೇ ಮೂರು ರೂಪ ತಾಳುತ್ತಾನೆ ಎಂದದ್ದಕ್ಕೇ ಮೂರನೇ ಶತಮಾನದ ಬೋಧಕ ಸಬೆಲಿಯಸ್ಸನನ್ನು ಸಭೆಯಿಂದ ಹೊರಗಿಟ್ಟದ್ದು. ‘ಮೂರ್ತಿ’ಯೂ ಬೇಡ, ‘ರೂಪ’ವೂ ಬೇಡ.
— ವಿ.

ಎಲ್ಲರೂ ಸಂಸ್ಕೃತದ ಕೊಡ ಹೊತ್ತು ಕನ್ನಡದ ಬಾವಿಯ ಕಟ್ಟೆ ಮೇಲೆ ನಿಂತಿದ್ದೀರಿ. ರೂ. ಅವರೇ, ‘ಪರ್ಸನ್’ಗೆ ಪದವೇ ಬೇಡ. ನಮ್ಮಲ್ಲಿ ‘ಮೂರು’ ಬೇರೆ, ‘ಮೂವರು’ ಬೇರೆ. ‘ಒಂದು’ ಬೇರೆ, ‘ಒಬ್ಬ’ ಬೇರೆ. ಲ್ಯಾಟಿನ್ನಿನವರು ‘ಮೂರು’ ಎಂದೊಡನೆ ‘ಮೂರು ಏನು?’ ಎಂಬ ಪ್ರಶ್ನೆ ಎದ್ದಿತು. ಸುಮ್ಮನಿರಲಾಗದ್ದಕ್ಕೆ ‘ಪೆರ್ಸೋನಾ’ ಎನ್ನುತ್ತೇವೆ, ಅಷ್ಟೇ ಎಂದು ಅವರ ದೊಡ್ಡ ದೇವಶಾಸ್ತ್ರಜ್ಞ ಅಗಸ್ಟಿನನೇ ಒಪ್ಪಿಕೊಂಡಿದ್ದಾನೆ. ಕನ್ನಡಕ್ಕೆ ಆ ಪೇಚಿಲ್ಲ. ‘ಮೂವರು’ ಎಂದಾಗಲೇ ಮುಗಿಯಿತು. ಯೋಹಾನ 10:30 ನೋಡಿ, ‘ನಾನೂ ತಂದೆಯೂ ಒಂದಾಗಿದ್ದೇವೆ’. ಮೂಲ ಗ್ರೀಕಿನಲ್ಲೂ ಅಲ್ಲಿರುವುದು ನಪುಂಸಕ ಲಿಂಗದ ‘ಒಂದು’, ‘ಒಬ್ಬ’ ಅಲ್ಲ. ಮೂವರು, ಆದರೆ ಒಂದು. ಇಡೀ ಸಿದ್ಧಾಂತ ಎರಡು ಸಂಖ್ಯಾಪದಗಳಲ್ಲಿದೆ. ಬ್ಯಾನರಿಗೆ ‘ಮೂವರೊಂದು’.

ಇನ್ನೂ ಒಂದು. ‘ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು’. ಕರ್ತೃ ‘ರು’, ಕ್ರಿಯೆ ‘ನು’. ಅಲ್ಲಿ ‘ದೇವರು’ ಎಂಬುದಕ್ಕಿರುವ ಹೀಬ್ರೂ ಪದ ಎಲೋಹೀಮ್ ಕೂಡ ಬಹುವಚನ, ಅದರ ಕ್ರಿಯಾಪದ ಏಕವಚನ!
— ತಿ.

ಮೊದಲ ಅರ್ಧ ಚಿನ್ನ. ಎರಡನೆಯದು ಕಾಗೆ ಬಂಗಾರ. ಅಮ್ಮನವರು ಬಂದರು ಎಂದರೆ ಎಷ್ಟು ಜನ ಅಮ್ಮಂದಿರು? ‘ರು’ ಗೌರವಕ್ಕೆ. ಎಲೋಹೀಮನ್ನೂ ಅಷ್ಟು ಹಿಗ್ಗಿಸಬೇಡಿ. ‘ಮೂವರೊಂದು’ ಅಂತೂ ಮದುವೆ ಊಟದ ಲೆಕ್ಕದಂತಿದೆ.
— ವಿ.

ತಿ. ಅವರ ಅಚ್ಚಗನ್ನಡ ‘ಸಿದ್ಧಾಂತ’, ‘ಸಂಖ್ಯಾಪದ’ಗಳ ಹತ್ತಿರ ಯಾಕೆ ಬಳಲಿತು?
— ಗು. ಮ.

ಗು. ಮ. ಅವರು ಸಂತೆಗೂ ಪಂಚಾಂಗ ಹಿಡಿದು ಹೋಗುವವರು. ಉತ್ತರವಿಲ್ಲ.
— ತಿ.

ಎರವಲಿಗೆ ಯಾಕಿಷ್ಟು ನಾಚಿಕೆ? ಪಾದ್ರಿ, ಇಗರ್ಜಿ ಪೋರ್ಚುಗೀಸರಿಂದ ಬಂದವು. ಬೆಂಗಳೂರಿನ ಎಂ.ಜಿ. ರಸ್ತೆಯ ಮೆಟ್ರೊ ಹತ್ತಿ, ನಿಲ್ದಾಣದ ಹೆಸರು ಕನ್ನಡದಲ್ಲೂ ‘ಟ್ರಿನಿಟಿ’ ಎಂದೇ ಇದೆ. ಅಲ್ಲಿ ಇಳಿಯಲು ಯಾರೂ ಯಣ್ ಸಂಧಿ ಕೇಳುವುದಿಲ್ಲ. ಬೈಬಲಿನಲ್ಲಿಲ್ಲದ ಪದ ಸಲ್ಲದು ಎಂಬ ಹಠ 325ರಲ್ಲಿ ನಿಕಾಯದ ಸಭೆಯಲ್ಲೇ ಸೋತಿತು. ‘ಹೊಮೊಊಸಿಯಸ್’, ಅಂದರೆ ತಂದೆಯೊಡನೆ ಒಂದೇ ಸತ್ತ್ವದವನು ಎಂಬ ಮಾತನ್ನು ಯಾವ ಅಪೊಸ್ತಲನೂ ಬರೆದಿಲ್ಲ. ಆದರೂ ಬಿಷಪ್ಪರು ಅದನ್ನು ವಿಶ್ವಾಸಪ್ರಮಾಣಕ್ಕೆ ಸೇರಿಸಿದರು.
— ಎಲ್.

ಮೆಟ್ರೊ ಬೋರ್ಡು ಪ್ರಮಾಣವಾದರೆ ಈ ಬಳಗ ಮುಚ್ಚಬಹುದು.
— ಗು. ಮ.

ದಯವಿಟ್ಟು. ನನಗೆ ನಾಳೆ ಪ್ರೆಸ್ಸು. ಇಂಗ್ಲಿಷ್ ಕರಪತ್ರದ ಮುಖ್ಯ ವಚನ 1 ಯೋಹಾನ 5:7, ಪರಲೋಕದಲ್ಲಿ ಸಾಕ್ಷಿಕೊಡುವ ತಂದೆ, ವಾಕ್ಯ, ಪವಿತ್ರಾತ್ಮ ಮೂವರೂ ಒಂದು ಎಂದು. ನಮ್ಮ ಮನೆಯ ಕನ್ನಡ ಬೈಬಲಿನಲ್ಲಿ ಆ ಸಾಲೇ ಸಿಗುತ್ತಿಲ್ಲ. ನಾನು ಬೇರೆ ಪುಟ ನೋಡುತ್ತಿದ್ದೇನೆಯೇ?
— ರೂ.

ಪುಟ ಸರಿಯಾಗಿದೆ, ಕರಪತ್ರ ತಪ್ಪಿದೆ. ಆ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ 1516, 1519ರ ಮುದ್ರಣಗಳಲ್ಲಿ ಬಿಟ್ಟಿದ್ದ, ಒತ್ತಾಯ ಬಂದ ಮೇಲೆ 1522ರಲ್ಲಿ ಸೇರಿಸಿದ. ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲಿಗೆ ಬಂದದ್ದು ಹಾಗೆ. ತೆಗೆದುಹಾಕಿ. ಮತ್ತಾಯ 28:19, ಯೇಸುವಿನ ದೀಕ್ಷಾಸ್ನಾನದ ಮತ್ತಾಯ 3:16–17, 2 ಕೊರಿಂಥ 13ರ ಕೊನೆಯ ಆಶೀರ್ವಚನ ಇವು ಸಾಕು. ಗಟ್ಟಿ ಕಂಬವಿದ್ದಾಗ ಬಾಳೆದಿಂಡು ನಿಲ್ಲಿಸುವುದೇಕೆ?
— ವಿ.

ಧನ್ಯವಾದ. ಬ್ಯಾನರು: ‘ಪವಿತ್ರ ತ್ರಿತ್ವದ ಭಾನುವಾರ’. ಒಳಗೆ: ‘ದೇವರು ಒಬ್ಬನೇ; ತಂದೆ, ಮಗ, ಪವಿತ್ರಾತ್ಮ ಎಂದು ಮೂವರು’. ‘ವ್ಯಕ್ತಿ’ ಹೋಯಿತು, 5:7ನೂ ಹೋಯಿತು. ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ, ‘ಹೂಂ’ ಎಂದರು.
— ರೂ.

‘ಭಾನುವಾರ’ ಯಾಕೆ? ಆದಿತ್ಯವಾರಕ್ಕೆ ಏನಾಗಿತ್ತು?
— ಗು. ಮ.