550–0 ಅಂತೆ, ಇದು ನಿಜವಾ ಮಾರಾಯ್ರೆ? (1901ರ ಮಿಷಿಗನ್ ಕಾಲೇಜ್ ಟೀಮು)

ಉಪ್ಪಳದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ಮಗ ಅಮೆರಿಕದ ಆನ್ ಆರ್ಬರ್‌ನಲ್ಲಿ ಓದ್ತಾ ಇದ್ದಾನೆ, ಮೊನ್ನೆಯಿಂದ ವಾಟ್ಸಾಪಲ್ಲಿ ಕೊಚ್ಚಿದ್ದೇ ಕೊಚ್ಚಿದ್ದು, ಅವರ ಮಿಷಿಗನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮು 1901ರ ಸೀಸನ್ನಲ್ಲಿ 11 ಮ್ಯಾಚು ಆಡಿ 550 ಪಾಯಿಂಟ್ ಹೊಡೆದು ಎದುರಿನವರಿಗೆ ಒಂದೇ ಒಂದು ಪಾಯಿಂಟ್ ಕೊಡ್ಲಿಲ್ಲ ಅಂತೆ. ನಾನು ಸಣ್ಣದ್ರಿಂದ ಮೊಗ್ರಾಲ್, ತೃಕ್ಕರಿಪುರ ಕಡೆ ಸೆವೆನ್ಸ್ (ಏಳೇಳು ಜನರ ನಮ್ಮ ಫುಟ್‌ಬಾಲ್) ನೋಡಿ ಬೆಳೆದವ, ಎಷ್ಟೇ ಡಬ್ಬಾ ಟೀಮಾದ್ರೂ ಹೇಗೋ ಒಂದು ಗೋಲು ನುಗ್ಗಿಸ್ತದೆ. ಇವ ರೈಲು ಬಿಡ್ತಾ ಇದ್ದಾನಾ ಹೇಗೆ?

ಬದಿಯಡ್ಕ_ಭಟ್ಟ:
ರೈಲಲ್ಲ ಮಾರಾಯ್ರೆ, ಲೆಕ್ಕ ಸರಿ ಉಂಟು. ಆಲ್ಬಿಯನ್‌ಗೆ 50, ಕೇಸ್‌ಗೆ 57, ಇಂಡಿಯಾನಾ 33, ನಾರ್ತ್‌ವೆಸ್ಟರ್ನ್ 29, ಬಫಲೋ 128 (ಹೌದು, ನೂರ ಇಪ್ಪತ್ತೆಂಟೇ), ಕಾರ್ಲೈಲ್ 22, ಒಹಾಯೊ ಸ್ಟೇಟ್ 21, ಷಿಕಾಗೊ 22, ಬೆಲಾಯ್ಟ್ 89, ಅಯೋವಾ 50. ಕೂಡಿಸಿ ನೋಡಿ, 501 ಆಗ್ತದೆ. ಮತ್ತೆ 1902 ಜನವರಿ 1ಕ್ಕೆ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಸ್ಟ್ಯಾನ್‌ಫರ್ಡ್ ಮೇಲೆ 49. ಅಲ್ಲಿಗೆ 550.

ಆದ್ರೆ ನೀವು ಸೆವೆನ್ಸ್ ತಲೇಲಿಟ್ಕೊಂಡು ನೋಡಿದ್ರೆ ಅರ್ಥ ಆಗ್ಲಿಕ್ಕಿಲ್ಲ. ಅದು ಬಾಲು ಕೈಲಿ ಹಿಡ್ಕೊಂಡು ನುಗ್ಗುವ ಆಟ. ಆಗ ಬಾಲನ್ನು ಎದುರಿನವರ ಗೋಲ್ ಗೆರೆ ದಾಟಿಸಿದ್ರೆ 5 ಪಾಯಿಂಟ್, ಆಮೇಲೆ ಕಾಲಲ್ಲಿ ಕಂಬದ ಮಧ್ಯೆ ಹೊಡೆದ್ರೆ ಇನ್ನೊಂದು. ಮೂರು ಚಾನ್ಸಲ್ಲಿ ಐದು ಗಜ ಮುಂದೆ ಹೋದ್ರೆ ಸಾಕು, ಮತ್ತೆ ಮೂರು ಚಾನ್ಸು ಸಿಗ್ತದೆ. ಮುಂದಕ್ಕೆ ಬಾಲು ಎಸೀಲಿಕ್ಕೇ ಇಲ್ಲ, ಅದು ರೂಲಿಗೆ ಬಂದದ್ದು 1906ರಲ್ಲಿ. ಹಾಗಾಗಿ ಗಟ್ಟಿ ಟೀಮಿನ ಕೈಗೆ ಬಾಲು ಸಿಕ್ಕಿದ್ರೆ ಐದೈದು ಗಜ ದೂಡ್ಕೊಂಡು ಹೋಗ್ತಾನೇ ಇರ್ತಾರೆ, ಎದುರಿನವನಿಗೆ ಬಾಲೇ ಸಿಗದಿದ್ರೆ ಪಾಯಿಂಟ್ ಎಲ್ಲಿಂದ ಬರ್ಬೇಕು? ಅದ್ರ ಮೇಲೆ ಕೋಚ್ ಫೀಲ್ಡಿಂಗ್ ಯೋಸ್ಟ್, ಆ ವರ್ಷವೇ ಮಿಷಿಗನ್‌ಗೆ ಬಂದವ. ಎದುರಿನವರು ಎದ್ದು ಮೈಮಣ್ಣು ಕೊಡಹುವಷ್ಟರಲ್ಲಿ ಇವನ ಹುಡುಗರು ಸಾಲು ನಿಂತು ಮುಂದಿನ ಆಟ ಶುರು ಮಾಡ್ತಿದ್ರು, ಅವನಿಗೆ ‘ಹರಿ ಅಪ್’ ಅಂತಲೇ ಹೆಸರು. ತಮಾಷೆ ಎಂತ ಅಂದ್ರೆ 1900ರಲ್ಲಿ ಅವ ಸ್ಟ್ಯಾನ್‌ಫರ್ಡ್‌ನದ್ದೇ ಕೋಚು.

ಸೆವೆನ್ಸ್_ಹುಚ್ಚ:
ಇದ್ರಲ್ಲಿ ದೊಡ್ಡಸ್ತಿಕೆ ಎಂತ ಉಂಟು? ಆಲ್ಬಿಯನ್, ಬೆಲಾಯ್ಟ್ ಎಲ್ಲ ಸಣ್ಣ ಸಣ್ಣ ಕಾಲೇಜು, ಅವರ ಮೇಲೆ ಹೊಡೆದದ್ದನ್ನೂ ಸೇರಿಸಿ 550 ಅಂತ ಬೊಬ್ಬೆ ಹಾಕುದು. ಇನ್ನು ವಿಲ್ಲಿ ಹೆಸ್ಟನ್ ಅಂತ ಒಬ್ಬ ಸ್ಟಾರ್ ಇದ್ದಾನಲ್ಲ, ಅವ ಅದಕ್ಕೆ ಮೊದ್ಲೇ ಸ್ಯಾನ್ ಹೋಸೆಯ ಟೀಚರ್ಸ್ ಕಾಲೇಜಿಗೆ ಆಡಿದವ, ಯೋಸ್ಟ್ ಹಿಂದೆಯೇ ಮಿಷಿಗನ್‌ಗೆ ಬಂದು ಅಲ್ಲಿ ಪುನಃ ನಾಲ್ಕು ಸೀಸನ್ ಆಡಿದ. ನಮ್ಮಲ್ಲಿ ಸೆವೆನ್ಸ್ ಟೂರ್ನಮೆಂಟಿಗೆ ಆಫ್ರಿಕಾದ ಪ್ಲೇಯರನ್ನು ಕರ್ಕೊಂಡು ಬಂದ ಹಾಗೇ ಆಯ್ತು, ನಾವು ಕಾಲೇಜು ಅಂತ ಹೆಸರಿಡುದಿಲ್ಲ ಅಷ್ಟೇ.

ಬದಿಯಡ್ಕ_ಭಟ್ಟ:
ಷಿಕಾಗೊ ಸಣ್ಣ ಟೀಮಲ್ಲ ಅಣ್ಣ, ಅವರ ಕೋಚ್ ಆಗಿನ ಹೆಸರುವಾಸಿ ಅಮೋಸ್ ಅಲೊಂಜೊ ಸ್ಟ್ಯಾಗ್. ಅವರ ಮೇಲೂ 22–0. ಪಸಡೀನಾದಲ್ಲಿ ಶುರುವಿಗೆ ಇಳಿದ ಹನ್ನೊಂದೇ ಜನ ಕೊನೆವರೆಗೆ ಆಡಿದ್ದು, ಒಬ್ಬನನ್ನೂ ಬದಲಿಸ್ಲಿಲ್ಲ, ಅದೂ ಮಿಷಿಗನ್ ಚಳಿಯಿಂದ ದಿನಗಟ್ಟಲೆ ರೈಲಲ್ಲಿ ಕೂತು ಹೋಗಿ (ನಮ್ಮ ಮಂಗಳೂರಿಗೆ ರೈಲು ಬಂದದ್ದೇ 1907ಕ್ಕೆ ಅಂತ ನೆನಪಿರ್ಲಿ). ನೀಲ್ ಸ್ನೋ ಒಬ್ಬನೇ ಐದು ಸಲ ಗೆರೆ ದಾಟಿದ. ಇನ್ನೂ ಟೈಮ್ ಇರುವಾಗ್ಲೇ ಸ್ಟ್ಯಾನ್‌ಫರ್ಡ್ ಕ್ಯಾಪ್ಟನ್ ಸಾಕು ನಿಲ್ಲಿಸುವ ಅಂದ. ಮ್ಯಾಚು ಇಟ್ಟಿದ್ದ ಅಲ್ಲಿಯ ಹೂವಿನ ಹಬ್ಬದವರಿಗೆ ಇದರಿಂದ ಎಷ್ಟು ಬೇಜಾರಾಯ್ತು ಅಂದ್ರೆ ಫುಟ್‌ಬಾಲೇ ಬೇಡ ಅಂತ ಬಿಟ್ಟು ರಥದ ಓಟ ಎಲ್ಲ ಮಾಡಿಸಿದ್ರು, ಪುನಃ ಫುಟ್‌ಬಾಲ್ ತಂದದ್ದು 1916ರಲ್ಲಿ. ಈಗಿನ ರೋಸ್ ಬೌಲ್ ಅದೇ.

ನೀರ್ಚಾಲಿನ_ಅಕ್ಕ:
ತಮ್ಮಾ ಉಪ್ಪಳದವನೇ, ನಿನ್ನ ಚಿಕ್ಕಮ್ಮನ ಮಗನ ಹತ್ರ 1905 ಎಂತಾಯ್ತು ಕೇಳು. 1901ರಿಂದ ಸತತ 56 ಮ್ಯಾಚು ಸೋತಿರ್ಲಿಲ್ಲ, 1903ರಲ್ಲಿ ಮಿನ್ನೆಸೋಟ ಜೊತೆ 6–6 ಡ್ರಾ ಒಂದು ಬಿಟ್ರೆ ಎಲ್ಲ ಗೆಲುವೇ. 1905ರಲ್ಲೂ ಕೊನೇ ಮ್ಯಾಚಿನವರೆಗೆ 495–0. ಕೊನೇದು ಷಿಕಾಗೊ ಎದುರು, 2–0 ಸೋಲು. ಇಡೀ ಸೀಸನ್ನಿಗೆ ಕೊಟ್ಟದ್ದು ಬರೀ ಎರಡು ಪಾಯಿಂಟು, ಅದ್ರಲ್ಲೇ ಹೋಯ್ತು.

ನನಗೆ ಮಾತ್ರ 550–0 ಕೇಳಿದ್ರೆ ಖುಷಿ ಆಗುದಿಲ್ಲ. ಹೆಲ್ಮೆಟ್ ಕಡ್ಡಾಯ ಇಲ್ಲ, ರಾಶಿ ಬಿದ್ದು ದೂಡುದೇ ಆಟ, ಹುಡುಗ್ರು ಸಾಯ್ತಿದ್ರು. ಪ್ರೆಸಿಡೆಂಟ್ ರೂಸ್‌ವೆಲ್ಟ್ 1905 ಅಕ್ಟೋಬರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ವೈಟ್‌ಹೌಸಿಗೇ ಕರೆಸಿ ಮಾತಾಡಿದ, ಅವನ ಮಗನೇ ಹಾರ್ವರ್ಡ್‌ನ ಫಸ್ಟ್ ಇಯರ್ ಟೀಮಲ್ಲಿ ಆಡ್ತಿದ್ದ. ಮರುವರ್ಷವೇ ಭಟ್ರು ಹೇಳಿದ ಆ ಎಸೆಯುವ ರೂಲು ಬಂತು, ಐದು ಗಜ ಇದ್ದದ್ದು ಹತ್ತಾಯ್ತು, ದೂಡಿಯೇ ಗೆಲ್ಲುವ ಕಾಲ ಅಲ್ಲಿಂದ ಇಳೀತಾ ಬಂತು.

ಸೆವೆನ್ಸ್_ಹುಚ್ಚ:
ಅಕ್ಕ, ಗೆರೆ ದಾಟಿದ್ರೆ 5 ಅಲ್ವಾ, ಎರಡು ಎಲ್ಲಿಂದ ಬಂತು?

ನೀರ್ಚಾಲಿನ_ಅಕ್ಕ:
ಷಿಕಾಗೊದ ಎಕರ್ಸಾಲ್ ದೂರಕ್ಕೆ ಒದ್ದ ಬಾಲನ್ನು ಮಿಷಿಗನ್ ಹುಡುಗ ತಮ್ಮದೇ ಗೋಲ್ ಗೆರೆಯ ಹಿಂದೆ ಹಿಡಿದ. ಅಲ್ಲೇ ಕೂತಿದ್ರೆ ಮುಗೀತಿತ್ತು, ಅವ ಹೊರಗೆ ಓಡಿ ಬಂದ, ಗೆರೆ ದಾಟಿದ್ದೂ ಹೌದು, ಷಿಕಾಗೊದವರು ಹಿಡಿದು ಪುನಃ ಹಿಂದಕ್ಕೇ ಕೆಡವಿದ್ರು. ಹಾಗೆ ಬಿದ್ರೆ ಎದುರಿನವರಿಗೆ ಎರಡು.

ಸೆವೆನ್ಸ್_ಹುಚ್ಚ:
ಓ, ಸೆಲ್ಫ್ ಗೋಲು ಅನ್ನಿ.

ನೀರ್ಚಾಲಿನ_ಅಕ್ಕ:
ಹೆಚ್ಚುಕಮ್ಮಿ. ಆದ್ರೆ ಅವ ಹಾಕಿದ್ದಲ್ಲ, ಅವನ ಕೈಲಿ ಹಾಕಿಸಿದ್ದು.