ಮಕ್ಕಳ ತಲೆಗೆ ಪೆಟ್ಟಾದಾಗ: ಆಸ್ಪತ್ರೆಯಲ್ಲಿ ಒಂದು ರಾತ್ರಿಯೋ, ಮನೆಯಲ್ಲೇ ನಿಗಾವೋ?

ಪ್ರಶ್ನೆ: ನಾಲ್ಕು ವರ್ಷದ ನಮ್ಮ ಮಗ ನಿನ್ನೆ ಸಂಜೆ ಮಂಚದಿಂದ ಬಿದ್ದು, ಹಣೆಯಲ್ಲಿ ಬುಗುಟೆ ಎದ್ದಿತ್ತು. ಪ್ರಜ್ಞೆ ತಪ್ಪಲಿಲ್ಲ, ಒಮ್ಮೆ ವಾಂತಿಯಾಯಿತು. ಆಸ್ಪತ್ರೆಯವರು ನಾಲ್ಕು ಗಂಟೆ ಇರಿಸಿಕೊಂಡು ನೋಡಿ, ಸ್ಕ್ಯಾನ್ ಬೇಡವೆಂದು ಮನೆಗೆ ಕಳುಹಿಸಿದರು. ದಾಖಲು ಮಾಡಿಸದೆ ಬಂದದ್ದು ತಪ್ಪೆಂದು ಅತ್ತೆಯವರು ನೊಂದುಕೊಂಡಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಮ್ಮ ಮಗಳು ಐದನೆಯ ವಯಸ್ಸಿನಲ್ಲಿ ಜಾರುಬಂಡೆಯ ಮೆಟ್ಟಿಲಿನಿಂದ ಬಿದ್ದಾಗ ನಾನೂ ಸಿ.ಟಿ. ಸ್ಕ್ಯಾನ್ ಮಾಡಿಯೇ ತೀರಬೇಕೆಂದು ಹಟ ಹಿಡಿದಿದ್ದೆ. ಮಕ್ಕಳ ವೈದ್ಯರು ತಾಳ್ಮೆಯಿಂದ ಕೂರಿಸಿಕೊಂಡು ವಿವರಿಸಿದರು. ಉತ್ತರ ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ವರ್ಷ ತುಂಬಿದ ಮಗು ಎಚ್ಚರವಾಗಿ ಸಹಜವಾಗಿದ್ದು, ಪ್ರಜ್ಞೆ ತಪ್ಪದೆ, ವಾಂತಿ ಮಾಡದೆ, ತೀವ್ರ ತಲೆನೋವಿಲ್ಲದೆ, ತಲೆಬುರುಡೆಯ ತಳ ಒಡೆದ ಗುರುತುಗಳಿಲ್ಲದೆ, ಸುಮಾರು ಐದು ಅಡಿಗಿಂತ ಎತ್ತರದಿಂದ ಬಿದ್ದಿರದಿದ್ದರೆ, ಮಿದುಳಿಗೆ ಗಂಭೀರ ಪೆಟ್ಟಾಗಿರುವ ಸಂಭವ ಎರಡು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ನಿಮ್ಮ ಮಗನಂತೆ ವಾಂತಿಯೊಂದೇ ಇದ್ದಾಗ ತಕ್ಷಣ ಸ್ಕ್ಯಾನ್ ಮಾಡುವ ಬದಲು ಪೆಟ್ಟಾದ ಹೊತ್ತಿನಿಂದ ನಾಲ್ಕರಿಂದ ಆರು ಗಂಟೆ ನೋಡುತ್ತಾರೆ, ಏಕೆಂದರೆ ಬೆಳೆಯುವ ಮಿದುಳಿಗೆ ಅನಗತ್ಯ ವಿಕಿರಣ ಬೇಡ. ನಿಮ್ಮ ವೈದ್ಯರು ಮಾಡಿದ್ದೂ ಅದನ್ನೇ. ಅತ್ತೆಯವರ ಕಳವಳ ಸಹಜವಾದದ್ದು. ಆದರೆ ನೀವು ಮಗುವನ್ನು ನಿರ್ಲಕ್ಷಿಸಿಲ್ಲ.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎಳೆಗೂಸಿನ ವಿಷಯದಲ್ಲಿ ಲೆಕ್ಕ ಬೇರೆ. ನಾವು ತೀರ್ಥಹಳ್ಳಿಯ ಕಡೆಯವರು. ಎಂಟು ತಿಂಗಳ ಮಗು ಜಗಲಿಯಿಂದ ಕೆಳಗಿನ ಕಲ್ಲಿನ ಮೇಲೆ ಬಿದ್ದು, ಅತ್ತು ಸುಮ್ಮನಾಗಿ, ಹಾಲನ್ನೂ ಕುಡಿದಿತ್ತು. ರಾತ್ರಿ ನನ್ನ ಪತ್ನಿ ತಲೆ ಸವರುವಾಗ ಕಿವಿಯ ಮೇಲ್ಭಾಗದಲ್ಲಿ ಮೆತ್ತಗಿನ ಊತ ಕೈಗೆ ಸಿಕ್ಕಿತು. ಹಣೆಯ ಬುಗುಟೆಗಿಂತ ತಲೆಯ ಪಕ್ಕದ ಅಥವಾ ಹಿಂಬದಿಯ ಊತ, ಅದರಲ್ಲೂ ಎರಡು ವರ್ಷದೊಳಗಿನವರಲ್ಲಿ, ಹೆಚ್ಚು ಚಿಂತೆಯದೆಂದು ನಮಗೆ ಗೊತ್ತಾದದ್ದು ಶಿವಮೊಗ್ಗದ ಆಸ್ಪತ್ರೆಗೆ ಹೋದ ಮೇಲೆಯೇ. ಸ್ಕ್ಯಾನಿನಲ್ಲಿ ಬುರುಡೆಯ ಮೂಳೆಯಲ್ಲಿ ಗೆರೆಯಂಥ ಬಿರುಕು ಕಂಡಿತು, ರಕ್ತಸ್ರಾವವಿರಲಿಲ್ಲ. ಎರಡು ರಾತ್ರಿ ದಾಖಲಾಗಿದ್ದೆವು. ಮಳೆಗಾಲದ ರಾತ್ರಿಯಲ್ಲಿ ಮತ್ತೆ ಕರೆತರಲು ಎಷ್ಟು ಹೊತ್ತು ಬೇಕು, ವಾಹನವಿದೆಯೇ, ಮನೆಯಲ್ಲಿ ಎಚ್ಚರವಿರಬಲ್ಲವರು ಯಾರು ಎಂದು ವೈದ್ಯರು ಮೊದಲೇ ವಿಚಾರಿಸಿಕೊಂಡಿದ್ದರು. ಪೆಟ್ಟಿನಷ್ಟೇ ಮನೆಯ ದೂರವೂ ಆ ತೀರ್ಮಾನದಲ್ಲಿ ಸೇರಿತ್ತು.

ಉತ್ತರ 3: ಮಕ್ಕಳ ವಾರ್ಡಿನಲ್ಲಿ ಹಲವು ವರ್ಷ ಶುಶ್ರೂಷಕಿಯಾಗಿ ದುಡಿದಿದ್ದೇನೆ. ಲಘು ಪೆಟ್ಟಿಗೆಂದು ದಾಖಲಾದ ಮಗುವಿಗೆ ನಾವು ಮಾಡುವುದು ಬಹುತೇಕ ನಿಗಾ ಮಾತ್ರ: ಎಚ್ಚರ, ಕಣ್ಣಿನ ಪಾಪೆ, ಕೈಕಾಲುಗಳ ಚಲನೆ, ನಾಡಿಬಡಿತಗಳನ್ನು ಗೊತ್ತಾದ ಹೊತ್ತಿಗೊಮ್ಮೆ ನೋಡಿ ಬರೆದಿಡುತ್ತೇವೆ. 24 ಗಂಟೆ ದಾಖಲಾಗದಿದ್ದರೆ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲವೆಂಬ ಕಾರಣಕ್ಕೆ ದಾಖಲಾತಿ ಕೇಳುವ ಪೋಷಕರನ್ನೂ ಕಂಡಿದ್ದೇನೆ. ಅದು ಮಗುವಿಗೆ ಒಳಿತು ಮಾಡುವ ಕಾರಣವಲ್ಲ. ಆದರೆ ರಕ್ತ ಹೆಪ್ಪುಗಟ್ಟದ ಕಾಯಿಲೆಯಿರುವ ಅಥವಾ ತಲೆಯಲ್ಲಿ ಶಂಟ್ (ಮಿದುಳಿನಲ್ಲಿ ಹೆಚ್ಚಾಗಿ ಸೇರುವ ದ್ರವವನ್ನು ಹೊರಹರಿಸುವ ಸಣ್ಣ ಕೊಳವೆ) ಅಳವಡಿಸಿರುವ ಮಗುವಿದ್ದರೆ ಪೆಟ್ಟು ಸಣ್ಣದೆನಿಸಿದರೂ ಆಸ್ಪತ್ರೆಗೇ ಹೋಗಿ, ಆ ವಿಷಯವನ್ನು ಮೊದಲು ಹೇಳಿ.

ನಿಮ್ಮ ಮಗ ಮಲಗುವ ಹೊತ್ತಿಗೆ ಮಲಗಲಿ, ನಿದ್ದೆಗೆಡಿಸುವ ಅಗತ್ಯವಿಲ್ಲ. ವೈದ್ಯರು ಹೇಳಿದ್ದರೆ ಮಾತ್ರ ನಡುವೆ ಎಬ್ಬಿಸಿ, ಗುರುತು ಹಿಡಿದು ಮಾತನಾಡುತ್ತಾನೆಯೇ ಎಂದು ನೋಡಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ನಡಿಗೆಯಲ್ಲಿ ತೂರಾಟ, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯದೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿ. ನೋವಿಗೆ ವೈದ್ಯರು ಬರೆದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಕೊಡಬೇಡಿ. ವಾಂತಿಯಾದ ಗಂಟೆಯನ್ನೂ ಔಷಧ ಕೊಟ್ಟ ಗಂಟೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಮತ್ತೆ ಹೋಗಬೇಕಾಗಿ ಬಂದಾಗ ಕರ್ತವ್ಯದಲ್ಲಿರುವ ಹೊಸ ವೈದ್ಯರಿಗೆ ಅದರಿಂದ ಬಹಳ ಉಪಕಾರವಾಗುತ್ತದೆ.