ಮೈಕಿಗೂ ಸ್ಪೀಕರಿಗೂ ಶೀಲ್ಡ್ ಕೇಬಲ್ಲೇ ಬೇಕೇ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಾಟಕ, ಭಜನೆಗಳಿಗಾಗಿ ಧ್ವನಿವರ್ಧಕದ ವೈರಿಂಗನ್ನು ಹೊಸದಾಗಿ ಮಾಡಿಸಬೇಕಾಗಿದೆ. ವೇದಿಕೆಯಿಂದ ಮಿಕ್ಸರಿಗೆ (ಮೈಕುಗಳ ಧ್ವನಿಯನ್ನು ಬೆರೆಸಿ ಹೊಂದಿಸುವ ಪೆಟ್ಟಿಗೆ) ಸುಮಾರು 25 ಮೀಟರ್ ದೂರವಿದ್ದು, ಈಗಿರುವ ಮೈಕ್ ವೈರು ದೀಪಗಳ ವೈರಿನೊಂದಿಗೆ ಒಂದೇ ಪೈಪಿನಲ್ಲಿ ಸಾಗುತ್ತದೆ. ದೀಪಗಳ ಬೆಳಕು ತಗ್ಗಿಸುವ ಡಿಮ್ಮರ್ ತಿರುಗಿಸಿದೊಡನೆ ಸ್ಪೀಕರಿನಲ್ಲಿ ಜುಂಯ್ ಎಂಬ ಸದ್ದು ಕೇಳಿಸುತ್ತದೆ. ಅಂಗಡಿಯವರು ಮೈಕು, ಸ್ಪೀಕರು ಎನ್ನದೆ ಎಲ್ಲಕ್ಕೂ ಶೀಲ್ಡ್ ಕೇಬಲನ್ನೇ (ತಂತಿಗಳ ಸುತ್ತ ಲೋಹದ ಹೊದಿಕೆಯಿರುವ ಕೇಬಲ್) ಹಾಕಿಸಲು ಹೇಳುತ್ತಿದ್ದಾರೆ. ಅಷ್ಟು ಖರ್ಚು ಅಗತ್ಯವೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಎಲ್ಲಕ್ಕೂ ಅಗತ್ಯವಿಲ್ಲ ಸರ್. ಮೈಕಿನಿಂದ ಹೊರಡುವ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟಿರುವುದರಿಂದ, ಪಕ್ಕದ 230 ವೋಲ್ಟ್ ವೈರಿನಿಂದ ಅದರೊಳಗೆ ನುಸುಳುವ ಗದ್ದಲವನ್ನೂ ಮಿಕ್ಸರು ಮಾತಿನ ಜೊತೆಗೇ ನೂರಾರು ಪಟ್ಟು ಹೆಚ್ಚಿಸಿಬಿಡುತ್ತದೆ. ಅಲ್ಲಿ ಶೀಲ್ಡ್ ಬೇಕೇ ಬೇಕು; ಅದೂ ಒಳಗೆ ಎರಡು ತಂತಿಗಳನ್ನು ಹೊಸೆದಿರುವ, ಎರಡೂ ತುದಿಗೆ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕನೆಕ್ಟರ್ ಇರುವ ಬ್ಯಾಲೆನ್ಸ್ಡ್ ಕೇಬಲ್ಲೇ ಆಗಬೇಕು. ಎರಡೂ ತಂತಿಗಳಿಗೆ ಸಮನಾಗಿ ತಗುಲಿದ ಗದ್ದಲವನ್ನು ಮಿಕ್ಸರು ಒಂದರಿಂದೊಂದು ಕಳೆದುಹಾಕುತ್ತದೆ.

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ವೈರಿನ ಮಾತೇ ಬೇರೆ. ಅಲ್ಲಿ ಸಂಕೇತ ಆಗಲೇ ಬಲವಾಗಿರುತ್ತದೆ, ಮುಂದೆ ಅದನ್ನು ಹೆಚ್ಚಿಸುವ ಯಂತ್ರವೂ ಇಲ್ಲ. ನೋಡಬೇಕಾದದ್ದು ತಾಮ್ರದ ದಪ್ಪವನ್ನು: 8 ಓಮ್ ಸ್ಪೀಕರಿಗೆ ಇಷ್ಟು ದೂರಕ್ಕೆ 2.5 ಚದರ ಮಿಲಿಮೀಟರಿನ ಸಾಮಾನ್ಯ ಜೋಡಿ ವೈರು ಸಾಕು. ತೆಳುವಾದ ಮೈಕ್ ಕೇಬಲನ್ನು ಅಲ್ಲಿ ಹಾಕಿದರೆ ಶಕ್ತಿ ವೈರಿನಲ್ಲೇ ಬಿಸಿಯಾಗಿ ಪೋಲಾಗುತ್ತದೆ.

ಉತ್ತರ 2:
ಒಂದು ಸೇರ್ಪಡೆ. ಸ್ಪೀಕರಿನೊಳಗೇ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಹೋಗುವುದು ಮಿಕ್ಸರಿನ ಲೈನ್ ಸಂಕೇತ, ಅಂದರೆ ಆಂಪ್ಲಿಫೈಯರ್ ಇನ್ನೂ ಹೆಚ್ಚಿಸಬೇಕಾದ ದುರ್ಬಲ ಸಂಕೇತ. ಅದಕ್ಕೂ ಶೀಲ್ಡ್ ಕೇಬಲ್ ಬೇಕು.

ಇನ್ನು, ಶೀಲ್ಡ್ ಹಾಕಿದೊಡನೆ ಎಲ್ಲವೂ ಸರಿಹೋಗುತ್ತದೆಂದು ನಂಬಿ ಅದೇ ಪೈಪಿನಲ್ಲಿ ಎಳೆಸಬೇಡಿ. ಶೀಲ್ಡಿನ ತಾಮ್ರದ ಜಾಲರಿಯು ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆಯೇ ಹೊರತು, ದೀಪದ ವೈರಿನ ಸುತ್ತಲಿನ ಕಾಂತಕ್ಷೇತ್ರವನ್ನು ಅಷ್ಟಾಗಿ ತಡೆಯುವುದಿಲ್ಲ. ಡಿಮ್ಮರು ವಿದ್ಯುತ್ತಿನ ಅಲೆಯನ್ನು ನಡುವೆ ಕತ್ತರಿಸಿ ಬಿಡುವುದರಿಂದ ಆ ಜುಂಯ್ ಸದ್ದು ಇನ್ನಷ್ಟು ಕರ್ಕಶವಾಗುತ್ತದೆ. ಇದಕ್ಕೆ ಉಪಾಯವೆಂದರೆ ಹೊಸೆದ ಜೋಡಿ ಮತ್ತು ದೂರ. ಬೇರೆ ಪೈಪಿನಲ್ಲಿ, ಒಂದಡಿಯಾದರೂ ಅಂತರ ಬಿಟ್ಟು ಎಳೆಸಿ. ದಾಟಲೇಬೇಕಾದ ಕಡೆ ಅಡ್ಡಡ್ಡವಾಗಿ ದಾಟಿಸಿ. ದುಗ್ಗಮ್ಮನ ಜಾತ್ರೆಯ ಸಮಯದಲ್ಲಿ ಸೀರಿಯಲ್ ಸೆಟ್ಟಿನ ವೈರಿಗೇ ಮೈಕ್ ವೈರನ್ನು ಸುತ್ತಿ ಕಟ್ಟುವವರಿಗೂ ಇದನ್ನೇ ಹೇಳಬೇಕು, ಆದರೆ ಕೇಳುವವರು ಯಾರು!

ಉತ್ತರ 3:
ಕೇಬಲ್ ಬದಲಿಸಿದ ಮೇಲೂ ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಗುಂಯ್‌ಗುಟ್ಟಿದರೆ ಅದು ಅರ್ಥಿಂಗಿನ ಸುತ್ತಿನಿಂದ (ಎರಡು ಉಪಕರಣಗಳ ಅರ್ಥ್ ಪ್ಲಗ್ಗಿನ ಮೂಲಕವೂ ಆಡಿಯೋ ಕೇಬಲಿನ ಮೂಲಕವೂ ಕೂಡುವುದರಿಂದ) ಬರುವ ಸದ್ದು. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಅದನ್ನು ನಿಲ್ಲಿಸಲು ಹೋಗಬೇಡಿ, ಮೈಕ್ ಹಿಡಿದವರ ಜೀವಕ್ಕೇ ಅಪಾಯ. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಅರ್ಥಿಂಗಿನ ಕೊಂಡಿ ಬಿಡಿಸಿ ಧ್ವನಿ ಸಂಕೇತವನ್ನಷ್ಟೇ ಮಿಕ್ಸರಿಗೆ ದಾಟಿಸುವ ಪೆಟ್ಟಿಗೆ) ಹಾಕಿಸಿ. ಗೋಡೆಯೊಳಗೆ ಸ್ಥಿರವಾಗಿರುವ ಕೇಬಲಿಗೆ ಫಾಯಿಲ್ ಶೀಲ್ಡ್ ಆದೀತು. ವೇದಿಕೆಯ ಮೇಲೆ ದಿನವೂ ಸುತ್ತಿ ಬಿಚ್ಚುವ ಕೇಬಲಿನಲ್ಲಿ ಫಾಯಿಲ್ ಹರಿಯುತ್ತದೆ, ಅಲ್ಲಿಗೆ ಹೆಣೆದ ಜಾಲರಿಯದನ್ನೇ ಕೊಳ್ಳಿ.